ಸದನಕ್ಕೆ ಸುಳ್ಳು ಉತ್ತರ ಹೋದರೆ ಅಧಿಕಾರಿಯನ್ನು ಹಿಡಿಯುವುದು ಹೇಗೆ?

ಪ್ರಶ್ನೆ (ಕಾರವಾರ ತಾಲೂಕಿನಿಂದ): ಸರ್, ನಮಸ್ಕಾರ. ನೀವು ವಿಧಾನಸಭೆ ಸಚಿವಾಲಯದಲ್ಲಿ ಕೆಲಸ ಮಾಡಿದವರು, ಅದಕ್ಕೇ ಕೇಳುತ್ತಿದ್ದೇನೆ. ನಮ್ಮೂರಿನ ಕಡಲ್ಕೊರೆತದ ಬಗ್ಗೆ ಶಾಸಕರು ಪ್ರಶ್ನೆ ಹಾಕಿದ್ದರು. ತಡೆಗೋಡೆ ಕೆಲಸ ಮುಗಿದಿದೆ ಅಂತ ಲಿಖಿತ ಉತ್ತರ ಬಂದಿದೆ. ಇಲ್ಲಿ ನೋಡಿದರೆ ಅರ್ಧ ದೂರ ಕಲ್ಲು ಹಾಕಿ ಬಿಟ್ಟಿದ್ದಾರೆ. ಆ ಅಧಿಕಾರಿ ಮೇಲೆ ಹಕ್ಕುಚ್ಯುತಿ ಹಾಕಬಹುದಾ?

ಉತ್ತರ (ಶಿರಸಿ): ಹಕ್ಕುಚ್ಯುತಿ ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದರು ಅನ್ನುವ ದೂರು, ಅದನ್ನು ನೀವು ಹಾಕಲು ಬರುವುದಿಲ್ಲ. ಸದನದ ಸದಸ್ಯರೇ ನೋಟಿಸ್ ಕೊಡಬೇಕು, ಸಭಾಧ್ಯಕ್ಷರು ಒಪ್ಪಬೇಕು. ತಡವಾದರೆ ಅದೂ ನಿಲ್ಲುವುದಿಲ್ಲ. ಇನ್ನೊಂದು ತೊಡಕು, ಉತ್ತರ ಕೊಟ್ಟವರು ಸಚಿವರು, ಅಧಿಕಾರಿ ಅಲ್ಲ. ಉತ್ತರ ತಪ್ಪಾದ ಮಾತ್ರಕ್ಕೆ ಹಕ್ಕುಚ್ಯುತಿ ಆಗುವುದಿಲ್ಲ. ಸುಳ್ಳು ಅಂತ ಗೊತ್ತಿದ್ದೂ ಬೇಕಂತಲೇ ಹೇಳಿದ್ದು ಅಂತ ತೋರಿಸಬೇಕು. ಸಚಿವರು ‘ಇಲಾಖೆ ಕೊಟ್ಟಿದ್ದನ್ನು ಓದಿದೆ’ ಅಂದು ಉತ್ತರ ತಿದ್ದಿದರೆ ಗದ್ದಲ ಅಲ್ಲಿಗೇ ತಣ್ಣಗಾಗುತ್ತದೆ.

ಹಾಗಾಗಿ ಆ ಸಾಲು ಬರೆದವರು ಯಾರು ಅಂತ ಮೊದಲು ಹುಡುಕಿ. ಶಾಸಕರ ಪ್ರಶ್ನೆ ಇಲಾಖೆಗೆ ಹೋಗಿ, ಜಿಲ್ಲಾ ಕಚೇರಿಗೆ ಬಂದು, ಉಪವಿಭಾಗದ ಎಂಜಿನಿಯರ್ ಮೇಜಿನವರೆಗೂ ಇಳಿಯುತ್ತದೆ. ಅಧಿವೇಶನದ ಹೊತ್ತಲ್ಲಿ ಎಲ್ಲ ಕಡೆಯಿಂದ ‘ಇವತ್ತೇ ಬೇಕು’ ಅಂತ ಫೋನು. ಅಲ್ಲಿ ‘ಪೂರ್ಣಗೊಂಡಿದೆ’ ಅಂತ ಬರೆದರೆ ಮೇಲಿನವರು ಯಾರು ಕಡಲ ತೀರಕ್ಕೆ ಬಂದು ನೋಡುತ್ತಾರೆ? ಕೆಳಗಿನಿಂದ ನಿಜವೇ ಹೋಗಿ ಮೇಲೆ ಬದಲಾಗುವುದೂ ಉಂಟು. ಸುಮ್ನೆ ಕಿರಿಯ ಎಂಜಿನಿಯರ್ ತಲೆಗೆ ಕಟ್ಟಬೇಡಿ.

ಪ್ರಶ್ನೆಯ ಸಂಖ್ಯೆ, ದಿನಾಂಕ ಹಾಕಿ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಕೊಡಿ. ಆ ಪ್ರಶ್ನೆಗೆ ಜಿಲ್ಲಾ ಕಚೇರಿ ಕಳಿಸಿದ ಪತ್ರ, ಕಡತದ ಟಿಪ್ಪಣಿ, ಕಾಮಗಾರಿಯ ಎಂ.ಬಿ. (ಆದ ಕೆಲಸದ ಅಳತೆ ಬರೆದಿಡುವ ಪುಸ್ತಕ) ಮತ್ತು ಬಿಲ್ಲಿನ ಪ್ರತಿ ಕೇಳಿ. ಎಂ.ಬಿ.ಯಲ್ಲಿ ಅರ್ಧ ಅಳತೆ, ಪತ್ರದಲ್ಲಿ ‘ಪೂರ್ಣ’ ಅಂತಿದ್ದರೆ ಶಾಸಕರಿಗೆ ಗಟ್ಟಿ ಕಾಗದ ಸಿಕ್ಕಿತು. ಎಂ.ಬಿ.ಯಲ್ಲೂ ಪೂರ್ಣ ಅಳತೆ ಇದ್ದರೆ ವಿಷಯ ಸದನಕ್ಕಿಂತ ದೊಡ್ಡದು. ಆಗಿಲ್ಲದ ಕೆಲಸಕ್ಕೆ ಬಿಲ್ ಆಗಿರಬಹುದು. ಅದಕ್ಕೆ ಅಫಿಡವಿಟ್ ಜೊತೆ ಲೋಕಾಯುಕ್ತಕ್ಕೆ ದೂರು ಕೊಡಿ.

ಕುಮಟಾದಿಂದ: ಇಂಥದ್ದಕ್ಕೆ ಯಾರಾದರೂ ಜೈಲಿಗೆ ಹೋಗಿದ್ದಾರಾ ಸರ್?

ಉತ್ತರ: ಸದನಕ್ಕೆ ಆ ಅಧಿಕಾರ ಇದೆ. 2023ರ ಮಾರ್ಚ್‌ನಲ್ಲಿ ಉತ್ತರ ಪ್ರದೇಶ ವಿಧಾನಸಭೆ 6 ಪೊಲೀಸರಿಗೆ ಒಂದು ದಿನದ ಶಿಕ್ಷೆ ಕೊಟ್ಟಿತ್ತು. ಆದರೆ ಅದು 2004ರಲ್ಲಿ ಶಾಸಕರೊಬ್ಬರ ಮೇಲೆ ಲಾಠಿ ಬೀಸಿದ್ದಕ್ಕೆ. ನಿಮ್ಮ ವಿಷಯಕ್ಕೆ ಹತ್ತಿರದ್ದು 1978ರ ಡಿಸೆಂಬರ್‌ನದು. ಮಾರುತಿ ಕಂಪನಿ ಬಗ್ಗೆ ಲೋಕಸಭೆಯಲ್ಲಿ ಬಂದ ಪ್ರಶ್ನೆಗೆ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಪ್ರಧಾನಿಯಾಗಿದ್ದಾಗ ಕಾಟ ಕೊಟ್ಟರು ಅಂತ ಇಂದಿರಾ ಗಾಂಧಿಯವರನ್ನು ಸದನದಿಂದ ಹೊರಹಾಕಿ ಜೈಲಿಗೂ ಕಳಿಸಿದರು. ಆಗ ಅವರು ನಮ್ಮ ಚಿಕ್ಕಮಗಳೂರಿನ ಸಂಸದೆ. 1981ರಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನೇ ರದ್ದು ಮಾಡಿತು. ಬಹುಮತ ಬದಲಾದರೆ ತೀರ್ಪೂ ಬದಲಾಗುತ್ತದೆ, ಅದಕ್ಕೇ ನನಗೆ ಹಕ್ಕುಚ್ಯುತಿಗಿಂತ ಕಡತದ ಮೇಲೆ ನಂಬಿಕೆ ಜಾಸ್ತಿ.

ಹೊನ್ನಾವರದಿಂದ: ಕೆಡಿಪಿ ಸಭೆಯಲ್ಲಿ ಶಾಸಕರಿಗೆ ಸುಳ್ಳು ಹೇಳಿದರೂ ಹಕ್ಕುಚ್ಯುತಿನೇ ಅಲ್ವಾ?

ಉತ್ತರ: ಅಲ್ಲ. ಅದು ಅಭಿವೃದ್ಧಿ ಕೆಲಸಗಳ ಪ್ರಗತಿ ಪರಿಶೀಲನೆ ಸಭೆ, ಸದನವೂ ಅಲ್ಲ, ಸದನದ ಸಮಿತಿಯೂ ಅಲ್ಲ. ಅಲ್ಲಿ ಬೈದು ಮರುದಿನ ಪೇಪರಿನಲ್ಲಿ ಬಂದರೆ ಅಧಿಕಾರಿಗೆ ಏನೂ ಆಗುವುದಿಲ್ಲ. ಅವರು ಹೇಳಿದ್ದನ್ನು ಸಭೆಯ ನಡಾವಳಿಯಲ್ಲಿ ಬರೆಸಬೇಕು. ಬರಹದಲ್ಲಿದ್ದರೆ ಸರ್ಕಾರಿ ನೌಕರರ ಶಿಸ್ತುಕ್ರಮದ 1957ರ ಸಿಸಿಎ ನಿಯಮಗಳ ಪ್ರಕಾರ ನೋಟಿಸ್ ಕೊಟ್ಟು ವಿಚಾರಣೆ ಮಾಡಬಹುದು, ಇನ್‌ಕ್ರಿಮೆಂಟ್ ತಡೆಯಬಹುದು. ನೌಕರರಿಗೆ ಬಿಸಿ ಮುಟ್ಟುವುದು ಅದರಿಂದಲೇ.

ಪ್ರಶ್ನೆ ಕೇಳಿದವರು: ಎಂ.ಬಿ. ಕೊಡದಿದ್ದರೆ?

ಉತ್ತರ: 30 ದಿನ ಕಾಯಿರಿ. ಆಮೇಲೆ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅಷ್ಟರಲ್ಲಿ ಗೋಡೆ ನಿಂತ ಜಾಗದ ಫೋಟೋ, ವಿಡಿಯೋ ತಾರೀಖಿನ ಸಮೇತ ತೆಗೆದಿಡಿ. ಮಳೆಗಾಲ ಕಳೆದ ಮೇಲೆ ಹೋದರೆ, ಹಾಕಿದ ಕಲ್ಲನ್ನೆಲ್ಲ ಸಮುದ್ರ ಎಳೆದುಕೊಂಡು ಹೋಯಿತು ಅಂತ ಬರೆದುಕೊಡುತ್ತಾರೆ.