ಕಸ್ಟಮ್ ಲೂಪ್‌ಗೆ ಯಾವ ಗ್ರಾಫಿಕ್ಸ್ ಕಾರ್ಡ್? 5080, 5070 ಟಿಐ, 9070 ಎಕ್ಸ್‌ಟಿ (ರೂಮು 40 ಡಿಗ್ರಿ)

ಬಿಸಿಲೂರಿನವ:
ನಮಸ್ಕಾರ. ನಾನು ರಾಯಚೂರಿನವನು, ಮೊದಲ ಸಲ ಕಸ್ಟಮ್ ಲೂಪ್ (ಕಂಪ್ಯೂಟರನ್ನು ನೀರಿನಿಂದ ತಣ್ಣಗಿಡಲು ಬಿಡಿ ಭಾಗ ತಂದು ನಾವೇ ಜೋಡಿಸುವ ವ್ಯವಸ್ಥೆ) ಮಾಡುತ್ತಿದ್ದೇನೆ. ರೈಜನ್ 7800ಎಕ್ಸ್3ಡಿ ಸಿಪಿಯು, ನೀರು ಹರಿಸಲು ಡಿ5 ಪಂಪ್, ತಾಮ್ರದ 360 ಎಂಎಂ ರೇಡಿಯೇಟರ್ ಇದೆ. ಜೊತೆಗೆ ಹಳೇ ಎಐಒ ಕೂಲರ್‌ನಿಂದ (ರೆಡಿಮೇಡ್ ವಾಟರ್ ಕೂಲರ್) ಬಿಚ್ಚಿದ 240 ರೇಡಿಯೇಟರ್ ಕೂಡ ಹಾಕೋಣ ಅಂತ. ಕಾರ್ಡ್ ಮಾತ್ರ ಬಾಕಿ. ಆರ್‌ಟಿಎಕ್ಸ್ 5080, 5070 ಟಿಐ, ಇಲ್ಲಾ ಆರ್‌ಎಕ್ಸ್ 9070 ಎಕ್ಸ್‌ಟಿ? ನೀರು ಹಾಕುವುದಾದರೆ ಅತಿ ದುಬಾರಿ ಓವರ್‌ಕ್ಲಾಕ್ ಮಾಡೆಲ್ಲೇ ತಗೊಳ್ಳಿ ಅಂತಾರೆ ಅಂಗಡಿಯವರು. ಬೇಸಿಗೆಯಲ್ಲಿ ರೂಮು 40 ಡಿಗ್ರಿ ಆಗುತ್ತದೆ, ಎಸಿ ಇಲ್ಲ.

ಪೈಪಣ್ಣ:
ಮೊದಲು ಆ 240 ಪಕ್ಕಕ್ಕಿಡಿ ಸರ್. ಎಐಒ ರೇಡಿಯೇಟರ್ ಹೆಚ್ಚಾಗಿ ಅಲ್ಯೂಮಿನಿಯಂದು. ನಿಮ್ಮ ಬ್ಲಾಕ್ (ಚಿಪ್ ಮೇಲೆ ಕೂತು ಅದರ ಶಾಖವನ್ನು ನೀರಿಗೆ ದಾಟಿಸುವ ಭಾಗ) ಮತ್ತು 360 ತಾಮ್ರ. ಒಂದೇ ನೀರಿನಲ್ಲಿ ಎರಡೂ ಇದ್ದರೆ ಅಲ್ಯೂಮಿನಿಯಂ ಸವೆಯುತ್ತಾ ಹೋಗುತ್ತದೆ, ಆ ಗಸಿ ಎಲ್ಲಾ ಬ್ಲಾಕಿನ ಸಣ್ಣ ಸಂದಿಗಳಲ್ಲಿ ಕೂರುತ್ತದೆ. ತಾಮ್ರದ 240 ಬೇರೆ ತಗೊಳ್ಳಿ.

ಇನ್ನು ಕಾರ್ಡ್. ಅಂಗಡಿಯವರ ಮಾತು ಬಿಡಿ. ದುಬಾರಿ ಮಾಡೆಲ್‌ನಲ್ಲಿ ನೀವು ದುಡ್ಡು ಕೊಡುವುದು ಹೆಚ್ಚಾಗಿ ಅದರ ದೊಡ್ಡ ಹೀಟ್‌ಸಿಂಕ್‌ಗೆ, ಫ್ಯಾನ್‌ಗೆ, ಲೈಟ್‌ಗೆ. ನೀವು ಅದನ್ನೇ ಬಿಚ್ಚಿ ಡಬ್ಬಿಗೆ ಹಾಕುತ್ತೀರಿ, ಅಲ್ವಾ? ಮೊದಲು ಬ್ಲಾಕ್ ಯಾವುದಕ್ಕೆ ಸಿಗುತ್ತದೆ ನೋಡಿ, ಆಮೇಲೆ ಕಾರ್ಡ್. 5080 ಅಂತ ಹೆಸರಿದ್ದರೆ ಸಾಲದು, ಆಸುಸ್, ಎಂಎಸ್‌ಐ, ಜೋಟ್ಯಾಕ್ ಒಬ್ಬೊಬ್ಬರ ಬೋರ್ಡ್ ಒಂದೊಂದು ತರ, ಒಂದೇ ಕಂಪನಿಯ ಎರಡು ಮಾಡೆಲ್‌ಗೂ ಬ್ಲಾಕ್ ಬೇರೆ ಇರಬಹುದು. ಆಲ್ಫಾಕೂಲ್, ಬೈಕ್ಸ್ಕಿ ಸೈಟ್‌ಗಳಲ್ಲಿ ಹೊಂದುವ ಕಾರ್ಡ್‌ಗಳ ಪಟ್ಟಿ ಇರುತ್ತದೆ, ಕಾರ್ಡಿನ ಪೂರ್ತಿ ಮಾಡೆಲ್ ನಂಬರ್ ಅಲ್ಲಿ ಇದ್ದರಷ್ಟೇ ದುಡ್ಡು ಕೊಡಿ. 5080 ಮತ್ತು 5070 ಟಿಐ ಎರಡರಲ್ಲೂ ಇರುವುದು ಜಿಬಿ203 ಚಿಪ್ಪೇ, ಹಾಗಾಗಿ ಕೆಲವು ಬ್ಲಾಕ್ ಎರಡಕ್ಕೂ ಕೂರುತ್ತವೆ. 9070 ಎಕ್ಸ್‌ಟಿ ಒಳ್ಳೇ ಕಾರ್ಡ್, ಆದರೆ ಬ್ಲಾಕ್ ಆಯ್ಕೆ ಕಡಿಮೆ.

ಎಸ್‌ಪಿ ರೋಡ್ ಅಲೆಮಾರಿ:
ಪೈಪಣ್ಣ ಹೇಳಿದ್ದು ಸರಿ, ಆದರೆ 40 ಡಿಗ್ರಿ ಮರೆಯಬೇಡಿ. ಎಷ್ಟೇ ಖರ್ಚು ಮಾಡಿದರೂ ನೀರು ರೂಮಿಗಿಂತ ತಣ್ಣಗಾಗಲ್ಲ. 5080 ಅಂದರೆ 360 ವ್ಯಾಟ್, 5070 ಟಿಐ 300, 9070 ಎಕ್ಸ್‌ಟಿ 304. ಜೊತೆಗೆ ಸಿಪಿಯು. ರೇಡಿಯೇಟರ್ ಸಾಕಷ್ಟಿದ್ದರೆ ನೀರು ರೂಮಿಗಿಂತ 10 ಡಿಗ್ರಿ ಜಾಸ್ತಿ, ಅಂದರೆ 50. ಡಿ5 ಪಂಪ್‌ಗೆ 60 ಮಿತಿ, ಪಿಇಟಿಜಿ ಅನ್ನುವ ಗಟ್ಟಿ ಪ್ಲಾಸ್ಟಿಕ್ ಪೈಪ್ ಕೂಡ ಅದರ ಹತ್ತಿರ ಬಂದರೆ ಮೆತ್ತಗಾಗಿ ಫಿಟ್ಟಿಂಗ್‌ನಿಂದ ಜಾರುವ ಭಯ ಇದೆ. ಒಂದೇ 360ರಲ್ಲಿ 5080 ಹಾಕಿ ಫ್ಯಾನ್ ನಿಧಾನ ಓಡಿಸಿದರೆ ಮೇ ತಿಂಗಳಲ್ಲಿ ಆ ಮಿತಿ ಮುಟ್ಟಬಹುದು. ನಾನಾಗಿದ್ದರೆ 5070 ಟಿಐ, ಪವರ್ ಲಿಮಿಟ್ (ಕಾರ್ಡ್ ಎಳೆಯುವ ವಿದ್ಯುತ್ತಿನ ಮಿತಿ) 85 ಶೇಕಡಾ, ಮೆತ್ತನೆಯ ರಬ್ಬರ್ ಪೈಪ್. ವೇಗ ಸ್ವಲ್ಪವೇ ಕಡಿಮೆಯಾಗುತ್ತದೆ.

ಬಿಸಿಲೂರಿನವ:
240 ಅಲ್ಯೂಮಿನಿಯಂ ಅಂತ ಗೊತ್ತೇ ಇರಲಿಲ್ಲ, ಥ್ಯಾಂಕ್ಸ್. ಹಾಗಾದರೆ ಬ್ಲಾಕ್ ಸಿಗುವ ಸಾದಾ 5070 ಟಿಐ. ಬಿಚ್ಚಿದರೆ ವಾರಂಟಿ ಏನಾಗುತ್ತದೆ?

ಪೈಪಣ್ಣ:
ಅದು ಕಂಪನಿಯಿಂದ ಕಂಪನಿಗೆ ಬೇರೆ. ಸ್ಕ್ರೂ ಮೇಲಿನ ಸ್ಟಿಕ್ಕರ್ ಹರಿದರೆ ಕೆಲವರು ಒಪ್ಪಲ್ಲ, ಕೊಳ್ಳುವ ಮೊದಲೇ ಮೇಲ್ ಹಾಕಿ ಲಿಖಿತ ಉತ್ತರ ತಗೊಳ್ಳಿ. ಹಳೇ ಕೂಲರ್, ಸ್ಕ್ರೂ ಎಲ್ಲಾ ಒಂದು ಕವರ್‌ನಲ್ಲಿ ಇಟ್ಟಿರಿ. ಥರ್ಮಲ್ ಪ್ಯಾಡ್ (ಮೆಮೊರಿ ಚಿಪ್ ಮತ್ತು ಬ್ಲಾಕ್ ಮಧ್ಯೆ ಶಾಖ ದಾಟಿಸುವ ಮೆತ್ತನೆ ಹಾಳೆ) ಮಾತ್ರ ಬ್ಲಾಕ್ ಜೊತೆ ಬಂದ ದಪ್ಪದ್ದೇ ಹಾಕಿ. ದಪ್ಪ ಜಾಸ್ತಿಯಾದರೆ ಬ್ಲಾಕ್ ಚಿಪ್‌ಗೆ ಸರಿಯಾಗಿ ಕೂರಲ್ಲ.

ಆಮೇಲೆ, ಕಾರ್ಡ್ ಬಂದ ದಿನವೇ ಬಿಚ್ಚಬೇಡಿ. ಮೊದಲು ಒಂದೆರಡು ವಾರ ಅದರದ್ದೇ ಫ್ಯಾನ್‌ನಲ್ಲಿ ಓಡಿಸಿ, ಭಾರಿ ಗೇಮ್ ಹಾಕಿ, ಕಾರ್ಡಿನ ಬೋರ್ಡ್ ಮೇಲಿನ ಕಾಯಿಲ್ ಕುಯ್ ಅನ್ನುತ್ತಾ ಕೇಳಿ. ಫ್ಯಾನ್ ಸದ್ದು ಹೋದ ಮೇಲೆ ಅದೊಂದೇ ಕಿವಿಗೆ ಬಡಿಯುವುದು. ಸರಿಯಿಲ್ಲ ಅನ್ನಿಸಿದರೆ ಸ್ಟಿಕ್ಕರ್ ಮುಟ್ಟದೆ ಆಗಲೇ ಅಂಗಡಿಗೆ ವಾಪಸ್ ಒಯ್ಯಿರಿ.