ತಟ್ಟೆ ಇಡ್ಲಿ ಗೇರ್‌ಬಾಕ್ಸು

"ಪೆಟ್ರೋಲೂ ಕುಡಿಯುತ್ತೆ, ಕರೆಂಟೂ ತಿನ್ನುತ್ತೆ ಅಂದ್ರೆ ಅದು ಕಾರಲ್ಲ ಕಣಯ್ಯ, ಮನೆ ಅಳಿಯ," ಅಂದ ಪುಟ್ಟಸ್ವಾಮಿ, ಎರಡನೇ ತಟ್ಟೆ ಇಡ್ಲಿಗೆ ಬೆಣ್ಣೆ ಸವರುತ್ತಾ.

"ಕರೆಂಟ್ ತಿನ್ನಲ್ಲ. ಪ್ಲಗ್ ಚುಚ್ಚೋಕೆ ತೂತೇ ಇಲ್ಲ ಅದಕ್ಕೆ," ಅಂದ ಶೀನಣ್ಣ. ಗ್ಯಾರೇಜಿನವನು, ಉಗುರು ಸಂದಿಯ ಗ್ರೀಸು ಈ ಜನ್ಮಕ್ಕೆ ಹೋಗೋದಲ್ಲ. "ಬ್ರೇಕ್ ಒತ್ತಿದಾಗ ಬಿಸಿಯಾಗಿ ಹಾಳಾಗೋ ಶಕ್ತೀನ ಹಿಡಿದಿಟ್ಕೊಂಡು ಮತ್ತೆ ಬಳಸುತ್ತೆ. ನಿನ್ನೆ ರಾತ್ರಿ ಅನ್ನಕ್ಕೆ ಇವತ್ತು ಚಿತ್ರಾನ್ನ ಕಲಸಲ್ವಾ, ಹಂಗೆ."

ಬಿಡದಿಯ ಹೋಟೆಲು, ಭಾನುವಾರದ ಬೆಳಿಗ್ಗೆ, ಮೇಜಿನ ಸುತ್ತ ನಾಲ್ಕು ಜನ. ಪುಟ್ಟಸ್ವಾಮಿಯ ಭಾವಮೈದ ಹೊಸ ಕಾರು ಕೊಳ್ತಾನಂತೆ. ಪೆಟ್ರೋಲಾ, ಹೈಬ್ರಿಡ್ಡಾ ಅಂತ ತೀರ್ಮಾನ ಹೇಳೋ ಭಾರ ಭಾವನ ತಲೆ ಮೇಲೆ. ಪ್ರಶ್ನೆ ಕೇಳೋಕೆ ಊರೇನೋ ಸರಿಯಾದದ್ದೇ. 1999ರ ಕೊನೆಗೆ ಕ್ವಾಲಿಸ್ ಕಟ್ಟೋಕೆ ಶುರುಮಾಡಿದ ಟೊಯೊಟಾ ಕಾರ್ಖಾನೆ ಇಲ್ಲೇ ಇದೆ. ಹೈಬ್ರಿಡ್ಡಲ್ಲೂ ಬರೋ ಹೈಕ್ರಾಸ್, ಹೈರೈಡರ್ ಇಲ್ಲಿಯವೇ. ಮಾರುತಿ ಹೆಸರು ಹೊತ್ತ ಗ್ರಾಂಡ್ ವಿಟಾರಾ 2022ರಲ್ಲಿ ಹುಟ್ಟಿದ್ದೂ ಇದೇ ಹೆರಿಗೆ ಮನೇಲಿ.

"ನಮ್ಮ ಬೀದೀಲಿ ಹಳೇ ಸಿಯಾಜ್ ಒಂದಿದೆ. ಅದರ ಬೆನ್ನ ಮೇಲೂ ಹೈಬ್ರಿಡ್ ಅಂತಾನೇ ಬರ್ದಿದೆಯಲ್ಲ?"

"ಅದು ಉಪ್ಪಿನಕಾಯಿ ಹೈಬ್ರಿಡ್. ಬೆಲ್ಟ್ ಕಟ್ಟಿರೋ ಸ್ಟಾರ್ಟರ್-ಜನರೇಟರ್ ಒಂದಿರುತ್ತೆ. ಇಂಜಿನ್ನಿಗೆ ಒಂಚೂರು ಕೈ ಕೊಡುತ್ತೆ, ಅಷ್ಟೆ. ಬರೀ ಅದರ ಬಲದಿಂದಲೇ ಕಾರು ಓಡಲ್ಲ. ಅದಕ್ಕೂ ಸಬ್ಸಿಡಿ ಕೊಟ್ಟು, 2017ರ ಏಪ್ರಿಲಲ್ಲಿ ಕಿತ್ಕೊಂಡ್ರು. ನಾನು ಹೇಳ್ತಿರೋದು ಸ್ಟ್ರಾಂಗ್ ಹೈಬ್ರಿಡ್ ವಿಷಯ, ಪೂರ್ತಿ ಊಟ. ತಟ್ಟೆ ಇತ್ಲಾಗ್ ತಾ."

ಶೀನಣ್ಣ ಖಾಲಿ ತಟ್ಟೆಯ ನಡುವೆ ಚಟ್ನಿ ಬಟ್ಟಲಿಟ್ಟ. ಬಟ್ಟಲಿಗೂ ತಟ್ಟೆಯ ಅಂಚಿಗೂ ನಡುವೆ ಮೂರು ಬೋಂಡಾ ಕೂರಿಸಿದ.

"ನೋಡಿ. ನಡುವೆ ಬಟ್ಟಲು, ಅದು ಸೂರ್ಯ. ಸುತ್ತ ಬೋಂಡಾ, ಗ್ರಹಗಳು. ಹೊರಗಿನ ಅಂಚು, ರಿಂಗ್. ಎಲ್ಲಕ್ಕೂ ಹಲ್ಲಿದೆ ಅಂದ್ಕೊಳಿ. ಇಂಜಿನ್ ಹಿಡ್ಕೊಂಡಿರೋದು ಬೋಂಡಾಗಳನ್ನ. ಜನರೇಟರ್ ಹಿಡ್ಕೊಂಡಿರೋದು ಬಟ್ಟಲನ್ನ. ಚಕ್ರಗಳೂ ದೊಡ್ಡ ಮೋಟರೂ ಸೇರ್ಕೊಂಡಿರೋದು ತಟ್ಟೆಯ ಅಂಚಿಗೆ. ಇಂಜಿನ್ ಬೋಂಡಾನ ಸುತ್ತಿಸಿದ್ರೆ ಬಲ ಎರಡು ಕಡೆ ಹಂಚಿಹೋಗುತ್ತೆ. ಟೊಯೊಟಾದ ಹಳೇ ಹೈಬ್ರಿಡ್ ಕಾರು ಪ್ರಿಯಸ್, ಅದರ ಮೊದಮೊದಲ ಮಾಡೆಲ್‌ಗಳಲ್ಲಿ ರಿಂಗಿಗೆ 78 ಹಲ್ಲು, ಸೂರ್ಯನಿಗೆ 30. ಅಂದ್ರೆ ನೂರರಲ್ಲಿ 72 ಪಾಲು ಸೀದಾ ಚಕ್ರಕ್ಕೆ, 28 ಪಾಲು ಜನರೇಟರಿಗೆ. ಬಟ್ಟಲು ಎಷ್ಟು ಜೋರಾಗಿ ತಿರುಗಬೇಕು ಅಂತ ಕಂಪ್ಯೂಟರ್ ಹೇಳುತ್ತೆ, ಅದಕ್ಕೆ ತಕ್ಕಂಗೆ ಇಂಜಿನ್ ವೇಗ ಕೂರುತ್ತೆ. ಗೇರ್ ಬದಲಾಯಿಸೋ ಮಾತೇ ಇಲ್ಲ. ಕ್ಲಚ್ ಇಲ್ಲ, ಬೆಲ್ಟ್ ಇಲ್ಲ, ಬೇರೆ ಸ್ಟಾರ್ಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ. ರಿವರ್ಸ್ ಗೇರೂ ಇಲ್ಲ, ಮೋಟರ್ ಹಿಂದಕ್ಕೆ ತಿರುಗುತ್ತೆ, ಕಾರು ಹಿಂದಕ್ಕೆ ಹೋಗುತ್ತೆ."

ತೋರಿಸೋಕೆ ಹೋಗಿ ತಟ್ಟೆಯನ್ನ ಜೋರಾಗಿ ತಿರುಗಿಸಿದ. ಒಂದು ಗ್ರಹ ಕಕ್ಷೆ ಬಿಟ್ಟು ಕಿಟ್ಟಿಯ ಬಿಳಿ ಶರ್ಟಿನ ಮೇಲೆ ಇಳಿಯಿತು.

"ವಾರಂಟಿ ಇದೆಯಾ ಶೀನಣ್ಣ ಇದಕ್ಕೆ?" ಅಂದ ಕಿಟ್ಟಿ, ಬೋಂಡಾ ತಿನ್ನುತ್ತಲೇ. ಬಿಡಿಭಾಗ ಪೂರೈಸೋ ಕಂಪನಿಯ ಖರೀದಿ ವಿಭಾಗದಲ್ಲಿರುವ ಹುಡುಗ. ಬಿದ್ದದ್ದನ್ನೂ ಲೆಕ್ಕಕ್ಕೆ ತಗೊಳ್ಳೋ ಅಭ್ಯಾಸ.

"ಇಲ್ಲದ್ದರ ಪಟ್ಟೀನೇ ಇಷ್ಟುದ್ದ ಇದ್ರೆ ರೇಟ್ ಯಾಕಪ್ಪಾ ಜಾಸ್ತಿ?" ಪುಟ್ಟಸ್ವಾಮಿಯ ಅನುಮಾನ.

"ಎರಡು ಮೋಟರು, ಬ್ಯಾಟರಿ ಕರೆಂಟನ್ನ ಮೋಟರಿಗೆ ಹೊಂದಿಸೋ ಇನ್ವರ್ಟರು, ಹೈವೋಲ್ಟೇಜ್ ಬ್ಯಾಟರಿ. ದುಡ್ಡೆಲ್ಲಾ ಅಲ್ಲಿದೆ. ಹೈರೈಡರಲ್ಲಿ ಇಂಜಿನ್ 92 ಪಿಎಸ್, ಅಂದ್ರೆ ಕುದುರೆ ಬಲದ ಲೆಕ್ಕ, ಮೋಟರ್ 80 ಪಿಎಸ್. ಎರಡೂ ಸೇರಿ 116."

"92ಕ್ಕೆ 80 ಕೂಡಿದ್ರೆ 172. ಮಿಕ್ಕಿದ್ದು ಯಾರ ಜೇಬಿಗೆ?"

"ಮೋಟರ್ 80 ಎಳೆಯೋ ತಾಕತ್ತಿರೋದು ಹೌದು, ಆದ್ರೆ ಬ್ಯಾಟರಿ ಅಷ್ಟು ಒಟ್ಟಿಗೆ ಬಡಿಸಬೇಕಲ್ಲ? 116ರಲ್ಲಿ 92 ಕಳೆದ್ರೆ 24. ಬ್ಯಾಟರಿ ಕೈಲಾಗೋದು ಹೆಚ್ಚುಕಮ್ಮಿ ಅಷ್ಟೇ. ಅದರ ಹೊಟ್ಟೆ 0.76 ಕಿಲೋವ್ಯಾಟ್ ಅವರ್."

"ಮುಕ್ಕಾಲು ಯೂನಿಟ್ಟಾ!" ಪುಟ್ಟಸ್ವಾಮಿ ಕಣ್ಣರಳಿಸಿದ. ಬೆಸ್ಕಾಂ ಬಿಲ್ಲನ್ನ ಬಾಯಿಪಾಠ ಓದೋ ಮನುಷ್ಯ. "ಎರಡು ಕಿಲೋವ್ಯಾಟಿನ ಗೀಸರ್ ಅದನ್ನ 23 ನಿಮಿಷದಲ್ಲಿ ಮುಗಿಸುತ್ತೆ. ಒಂದು ಸ್ನಾನದ ಕರೆಂಟಿಗೆ ಲಕ್ಷಗಟ್ಟಲೆ ದುಡ್ಡಾ?"

"ದೊಡ್ಡ ಕೊಳಗ ಅಲ್ಲ ಅದು, ಚೊಂಬು. ಸಾವಿರ ಸಲ ಮೊಗೆಯೋಕೆ ಇರೋದು. ಪೂರ್ತಿ ತುಂಬೋಕೂ ಬಿಡಲ್ಲ, ತಳ ಕಾಣೋಕೂ ಬಿಡಲ್ಲ, ಅದಕ್ಕೇ ಬಾಳಿಕೆ. 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಕೊಡೋ ಧೈರ್ಯ ಬಂದಿದ್ದು ಹಂಗೆ. ಆದ್ರೆ ನಮ್ಮ ಜನ ಬಿಡಬೇಕಲ್ಲ! ಸಿಗ್ನಲ್ ಕಂಡ್ರೆ ಸಾಕು, ನ್ಯೂಟ್ರಲ್!"

ಇಲ್ಲಿಂದ ಶೀನಣ್ಣನಿಗೆ ಮೈಮೇಲೆ ಬಂತು. ನ್ಯೂಟ್ರಲ್ ಅನ್ನೋದು ನಮ್ಮ ಡ್ರೈವರುಗಳಿಗೆ ಅಪ್ಪ ಕೊಟ್ಟ ಆಸ್ತಿ. ಸಿಗ್ನಲ್ಲಲ್ಲಿ ನ್ಯೂಟ್ರಲ್, ಇಳಿಜಾರಲ್ಲಿ ನ್ಯೂಟ್ರಲ್. ಟೊಯೊಟಾ ಹೈಬ್ರಿಡ್ಡಲ್ಲಿ ಎನ್ ಹಾಕಿದ್ರೆ ಜನರೇಟರ್ ಬ್ಯಾಟರಿ ತುಂಬಲ್ಲ. ಇಂಜಿನ್ ಓಡ್ತಿದ್ರೂ ತುಂಬಲ್ಲ. ಸಿಲ್ಕ್ ಬೋರ್ಡಲ್ಲಿ ನಿಂತು ಎನ್‌ನಲ್ಲಿಟ್ಟು ಏಸಿ ಹಾಕ್ಕೊಂಡ್ರೆ, ಏಸಿಯ ಕಂಪ್ರೆಸರೂ ಕರೆಂಟಿಂದಲೇ ಓಡೋದು, ಚೊಂಬು ಬರಿದಾಗ್ತಾ ಹೋಗುತ್ತೆ, ಕೊನೆಗೆ ಮೀಟರ್ ಮೇಲೆ ಎಚ್ಚರಿಕೆ. ಡಿ-ಯಲ್ಲಿಟ್ಟು ಬ್ರೇಕ್ ಹಿಡಿ, ತುಂಬಾ ಹೊತ್ತಾದ್ರೆ ಪಿ-ಗೆ ಹಾಕು, ಮುಗೀತು. ಬೇಕಾದಾಗ ಇಂಜಿನ್ ತಾನೇ ಎದ್ದು ಒಂದಷ್ಟು ಹೊತ್ತು ಓಡಿ ಮಲಗುತ್ತೆ.

"ಘಾಟಿ ಇಳೀವಾಗ?" ಕೇಳಿದ್ದು ರತ್ನಕ್ಕ. ತೆರಿಗೆ ಲೆಕ್ಕ ಬರೆಯೋರು, ಅಲ್ಲಿವರೆಗೂ ಮಾತಾಡದೆ ವಡೆ ಮುಗಿಸಿದ್ದರು.

ಶೀನಣ್ಣ ಬಿಲ್ ಚೀಟಿ ತಿರುಗಿಸಿ ಪೆನ್ನು ತೆಗೆದ. "ಆಗುಂಬೆ ಇಟ್ಕೊಳಿ. ಜನ, ಲಗೇಜು ಸೇರಿ 1600 ಕೆಜಿ. ಇಳಿಯೋ ಎತ್ತರ ಸುಮಾರು 500 ಮೀಟರ್. 1600ನ 9.8ರಿಂದ, ಅದನ್ನ 500ರಿಂದ ಗುಣಿಸಿ. 78 ಲಕ್ಷ ಜೂಲ್ ಚಿಲ್ಲರೆ. 36 ಲಕ್ಷಕ್ಕೆ ಒಂದು ಯೂನಿಟ್. ಅಲ್ಲಿಗೆ ಎರಡು ಯೂನಿಟ್ ಮೇಲಾಯ್ತು. ಅರ್ಧ ಗಾಳಿಗೆ, ಟೈರಿಗೆ ಹೋಯ್ತು ಅಂದ್ರೂ ಒಂದು ಯೂನಿಟ್. ಚೊಂಬು ಮುಕ್ಕಾಲು, ಅದೂ ಮೊದಲೇ ಅರ್ಧ ತುಂಬಿರುತ್ತೆ. ಹದಿನಾಲ್ಕು ತಿರುವಲ್ಲಿ ಮೂರ್ನಾಲ್ಕು ದಾಟೋದ್ರಲ್ಲಿ ಫುಲ್. ಆಮೇಲೆ ಮೋಟರಿನ ಬ್ರೇಕ್ ಹಿಡಿತ ಕಮ್ಮಿಯಾಗಿ ಮಾಮೂಲಿ ಬ್ರೇಕಿನ ಮೇಲೆ ಭಾರ. ಹೆಚ್ಚಾದ ಕರೆಂಟ್ ಕರಗಿಸೋಕೆ ಜನರೇಟರ್ ಇಂಜಿನ್ನನ್ನ ಸುಮ್ಮನೆ ಗಿರಗಿರ ತಿರುಗಿಸುತ್ತೆ, ಪೆಟ್ರೋಲಿಲ್ಲದೆ. ಕಾಲು ಆಕ್ಸಿಲರೇಟರ್ ಮೇಲಿಲ್ಲ, ಇಂಜಿನ್ ಮಾತ್ರ ದೆವ್ವ ಹೊಕ್ಕಂಗೆ ಕಿರುಚುತ್ತೆ. ಗ್ಯಾರೇಜಿಗೆ ಫೋನ್ ಬರೋದು ಆಗಲೇ. ಕೆಟ್ಟಿಲ್ಲ ಸ್ವಾಮಿ, ಅದರ ಕೆಲಸ ಅದು ಮಾಡ್ತಿದೆ. ಉದ್ದದ ಇಳಿಜಾರಿಗೆ ಲಿವರ್ ಬಿ-ಗೆ ಹಾಕಿ, ಇಂಜಿನ್ನಿಂದಲೇ ಬ್ರೇಕ್ ಹಿಡಿಸೋ ಜಾಗ ಅದು. ಬಯಲು ರಸ್ತೇಲಿ ಮಾತ್ರ ಬಿ ಬೇಡ, ಸಿಗೋ ಕರೆಂಟೂ ದಂಡ."

"ಕೆಡೋದಾದ್ರೆ ಏನು ಕೆಡುತ್ತೆ?"

"ದೊಡ್ಡ ಬ್ಯಾಟರಿಗಿಂತ ಮೊದಲು ಸಣ್ಣದು. 12 ವೋಲ್ಟಿಂದು. ಇಂಜಿನ್ ಎಬ್ಬಿಸೋದು ಅದಲ್ಲ, ಆದ್ರೆ ಕಂಪ್ಯೂಟರನ್ನ ಎಬ್ಬಿಸಿ ರಿಲೇ ಕೂಡಿಸೋದು ಅದೇ. ಅದು ಸತ್ರೆ ಕಾರು ಹೊರಡೋಕೆ ಸಿದ್ಧ ಅನ್ನೋ ರೆಡಿ ದೀಪ ಬರಲ್ಲ, ದೊಡ್ಡ ಬ್ಯಾಟರಿ ತುಂಬಿದ್ರೂ ಕಾರು ಕಲ್ಲು. ವಾರಗಟ್ಟಲೆ ನಿಲ್ಲಿಸಿದ್ರೆ ಹಿಂಗಾಗೋದು. ವಾರಕ್ಕೊಮ್ಮೆ ರೆಡಿಯಲ್ಲಿ ಒಂದು ಗಂಟೆ ಬಿಡಬೇಕು, ಗೇರ್ ಪಿ-ಯಲ್ಲಿಟ್ಟು, ಬಯಲಲ್ಲಿ, ಮುಚ್ಚಿದ ಗ್ಯಾರೇಜಲ್ಲಲ್ಲ, ಇಂಜಿನ್ ಯಾವಾಗ ಏಳುತ್ತೋ ಗೊತ್ತಾಗಲ್ಲ. ಸುಮ್ಮನೆ ಕೀ ಆನ್ ಮಾಡಿ ಹಾಡು ಕೇಳ್ತಾ ಕೂತ್ರೆ ಇನ್ನೂ ಬೇಗ ಸಾಯುತ್ತೆ."

ಎರಡನೇ ಶತ್ರು ಧೂಳು. ದೊಡ್ಡ ಬ್ಯಾಟರಿ ತಣ್ಣಗಿರೋಕೆ ಕ್ಯಾಬಿನ್ನಿನ ಗಾಳಿಯನ್ನೇ ಎಳ್ಕೊಳ್ಳುತ್ತೆ. ಸೀಟಿನ ಹತ್ತಿರ ಜಾಲರಿ ಇರುತ್ತೆ, ಅದರ ಹಿಂದೆ ಫಿಲ್ಟರ್. ನಮ್ಮೋರು ಅದರ ಮೇಲೆ ಸೀಟ್ ಕವರ್ ಎಳೀತಾರೆ, ಅಕ್ಕಿ ಚೀಲ ಒರಗಿಸ್ತಾರೆ, ನಾಯಿ ಕೂರಿಸ್ತಾರೆ. ಕೂದಲು ಕಟ್ಕೊಂಡು ಬ್ಯಾಟರಿ ಬಿಸಿಯಾದ್ರೆ ಕಂಪ್ಯೂಟರ್ ಅದನ್ನ ಬಳಸೋದು ಕಮ್ಮಿ ಮಾಡುತ್ತೆ, ಮೈಲೇಜು ಬೀಳುತ್ತೆ, ಓನರ್ ಬಂದು ಇಂಜೆಕ್ಟರ್ ಕ್ಲೀನ್ ಮಾಡು ಅಂತಾನೆ. ಇನ್ನು ದಾರೀಲಿ ನಿಂತ್ರೆ ಮುಂದಿನ ಚಕ್ರ ನೆಲಕ್ಕೆ ಬಿಟ್ಟು ಹಗ್ಗ ಕಟ್ಟಿ ಎಳೀಬಾರದು. ಚಕ್ರ ತಿರುಗಿದ್ರೆ ಮೋಟರ್ ತಿರುಗುತ್ತೆ, ಕರೆಂಟ್ ಹುಟ್ಟುತ್ತೆ. ಪೂರ್ತಿ ಲಾರಿ ಮೇಲೇರಿಸಬೇಕು. ಹೈವೋಲ್ಟೇಜ್ ಹರಿಯೋ ಕಿತ್ತಳೆ ಬಣ್ಣದ ಕೇಬಲ್ ಮುಟ್ಟೋಕೆ ಮುಂಚೆ, ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯೋ ಸರ್ವಿಸ್ ಪ್ಲಗ್ ಕಿತ್ತು ಹತ್ತು ನಿಮಿಷ ಕಾಯಬೇಕು, ಇನ್ವರ್ಟರಿನ ಕೆಪಾಸಿಟರ್ ಖಾಲಿಯಾಗೋಕೆ. "ಸಾವಿರ ವೋಲ್ಟಿನ ಗ್ಲೌಸ್ ಇಲ್ಲದೆ ಬಾನೆಟ್ಟೊಳಗೆ ಕೈ ಹಾಕೋ ಮೆಕ್ಯಾನಿಕ್ ಸಿಕ್ಕಿದ್ರೆ, ಅವನ ಫೋಟೋಗೆ ಹಾರ ಈಗಲೇ ತಂದಿಟ್ಕೊಳಿ," ಅಂದ.

"ಅಷ್ಟು ಜಾಣ ಕಾರಿಗೆ ಸರ್ಕಾರ ರಿಯಾಯಿತಿ ಕೊಟ್ಟಿರಬೇಕಲ್ಲ?"

ರತ್ನಕ್ಕ ನಕ್ಕರು. "ಕೊಟ್ಟಿತ್ತು, ಎಲ್ರಿಗೂ ಕೊಟ್ಟಾಗ ಹೋಯ್ತು. ಮೊದ್ಲು ದೊಡ್ಡ ಹೈಬ್ರಿಡ್ಡಿಗೆ 28 ಜಿಎಸ್‌ಟಿ, 15 ಸೆಸ್, ಒಟ್ಟು 43. ಅದೇ ಉದ್ದದ 1500 ಸಿಸಿ ಒಳಗಿನ ಪೆಟ್ರೋಲಿಗೆ 45. 1500 ಮೀರಿದ ದೊಡ್ಡ ಎಸ್‌ಯುವಿಗೆ 50. ಹೈಬ್ರಿಡ್ಡಿಗೆ ಒಂದು ಕೂದಲೆಳೆ ಲಾಭ ಇತ್ತು. 2025ರ ಸೆಪ್ಟೆಂಬರ್ 22ರಿಂದ ಸೆಸ್ ತೆಗೆದು ಈ ಮೂರಕ್ಕೂ 40. ಪೇಪರಲ್ಲಿ ಬಂದಿದ್ದು ಹೈಬ್ರಿಡ್ ಅಗ್ಗ ಅಂತ. ಅಗ್ಗ ಆಗಿದ್ದು ಮೂರು ಪಾಯಿಂಟು. ಪಕ್ಕದ ದೊಡ್ಡ ಪೆಟ್ರೋಲ್ ಎಸ್‌ಯುವಿ ಹತ್ತು ಪಾಯಿಂಟ್ ಇಳೀತು. ಓಟದಲ್ಲಿ ಇವನು ಓಡಿದ್ದೂ ನಿಜ, ಹಿಂದೆ ಬಿದ್ದಿದ್ದೂ ನಿಜ. ಎಲೆಕ್ಟ್ರಿಕ್ಕಿಗೆ ಮೊದಲಿನ ಹಾಗೇ 5. ನಾಲ್ಕು ಮೀಟರ್ ಒಳಗೆ, 1200 ಸಿಸಿ ಒಳಗೆ ಪೆಟ್ರೋಲ್ ಹೈಬ್ರಿಡ್ ಮಾಡಿದ್ರೆ 18. ಈ 1500 ಸಿಸಿಯವಕ್ಕೆ ಆ ಬಾಗಿಲೂ ಇಲ್ಲ. ಉತ್ತರ ಪ್ರದೇಶದೋರು 2024ರಲ್ಲಿ ಸ್ಟ್ರಾಂಗ್ ಹೈಬ್ರಿಡ್ಡಿನ ನೋಂದಣಿ ತೆರಿಗೆ ಮನ್ನಾ ಮಾಡಿದ್ರು. ಬಿಡದೀಲಿ ಹುಟ್ಟಿದ ಮಗೂಗೆ ಲಖನೌದಲ್ಲಿ ತೊಟ್ಟಿಲು."

"ಹಂಗಾದ್ರೆ ಕಂಪನಿಗಳು ಯಾಕೆ ಮಾಡ್ತಾವೆ?"

"ಕೆಫೆಗೋಸ್ಕರ," ಅಂದ ಕಿಟ್ಟಿ. ಅದನ್ನ ಕೇಳಿಸ್ಕೊಂಡ ಸಪ್ಲೈಯರ್ ನಾಲ್ಕು ಕಾಫಿ ತಂದಿಟ್ಟು ಹೋದ.

"ಇದಲ್ಲಪ್ಪಾ! ಕಂಪನಿ ಒಂದು ವರ್ಷದಲ್ಲಿ ಮಾರಿದ ಎಲ್ಲ ಕಾರುಗಳ ಸರಾಸರಿ ಹೊಗೆ ಲೆಕ್ಕ. 2022–23ರಿಂದ ಮಿತಿ ಕಿಲೋಮೀಟರಿಗೆ 113 ಗ್ರಾಂ ಇಂಗಾಲದ ಡೈಆಕ್ಸೈಡ್, ಕಾರಿನ ತೂಕ ನೋಡ್ಕೊಂಡು ಹೆಚ್ಚುಕಮ್ಮಿ. ಪೆಟ್ರೋಲಲ್ಲಿ ಹೇಳೋದಾದ್ರೆ ಲೀಟರಿಗೆ ಸುಮಾರು 21 ಕಿಮೀ. ದೊಡ್ಡ ಎಸ್‌ಯುವಿ ಮಾರಿದ್ರೆ ಸರಾಸರಿ ಕೆಡುತ್ತೆ. ಅದನ್ನ ಸರಿದೂಗಿಸೋಕೆ ಒಂದು ಎಲೆಕ್ಟ್ರಿಕ್ ಮಾರಿದ್ರೆ ಮೂರು ಅಂತ ಎಣಿಸ್ತಾರೆ, ಸ್ಟ್ರಾಂಗ್ ಹೈಬ್ರಿಡ್ ಒಂದಕ್ಕೆ ಎರಡು. ಸಂತರ್ಪಣೇಲಿ ಒಬ್ಬ ಕೂತು ಎರಡೆಲೆ ಹಾಕಿಸ್ಕೊಂಡಂಗೆ. ಮುಂದಿನ ಹಂತಕ್ಕೆ 2025ರ ಸೆಪ್ಟೆಂಬರಲ್ಲಿ ಬಂದ ಕರಡಲ್ಲಿ 909 ಕೆಜಿ ಒಳಗಿನ ಸಣ್ಣ ಕಾರಿಗೆ ಮೂರು ಗ್ರಾಂ ರಿಯಾಯಿತಿ ಇಟ್ರು. ಅದಕ್ಕೂ ಕಂಪನಿ ಕಂಪನಿ ನಡುವೆ ಜಗಳ."

ಅವನ ನಿಜವಾದ ತಲೆನೋವು ಬೇರೆ: ಮ್ಯಾಗ್ನೆಟ್. 2025ರ ಏಪ್ರಿಲ್ 4ರಂದು ಚೀನಾ ಡಿಸ್ಪ್ರೋಸಿಯಂ, ಟರ್ಬಿಯಂ ಸೇರಿ ಏಳು ವಿರಳ ಲೋಹಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಮೋಟರಿನೊಳಗಿನ ನಿಯೋಡಿಮಿಯಂ ಮ್ಯಾಗ್ನೆಟ್ ಬಿಸಿಗೆ ಬಲ ಕಳ್ಕೊಳ್ಳುತ್ತೆ. ಹಂಗಾಗದಿರೋಕೆ ಚಿಟಿಕೆ ಡಿಸ್ಪ್ರೋಸಿಯಂ ಬೆರೆಸ್ತಾರೆ. ಹುಳಿಗೆ ಹಾಕೋ ಇಂಗಿನ ಹಾಗೆ, ಪ್ರಮಾಣ ಇಷ್ಟೇ ಇಷ್ಟು, ಇಲ್ಲದಿದ್ರೆ ಅಡುಗೇನೇ ಇಲ್ಲ. ಹೈಬ್ರಿಡ್ಡಿಗೆ ಎರಡು ಮೋಟರು, ಜೊತೆಗೆ ಪವರ್ ಸ್ಟೀರಿಂಗಿಗೂ ಒಂದು. ನವೆಂಬರಲ್ಲಿ ಕೇಂದ್ರ ಸಂಪುಟ 7,280 ಕೋಟಿಯ ಮ್ಯಾಗ್ನೆಟ್ ಯೋಜನೆ ಒಪ್ಪಿತು, ವರ್ಷಕ್ಕೆ 6,000 ಟನ್ ಗುರಿ. "ಅದು ಬರೋವರೆಗೂ ಖರೀದಿ ವಿಭಾಗದೋರ ಕೂದಲು ಉದುರುತ್ತಲೇ ಇರುತ್ತೆ," ಅಂತ ಕಿಟ್ಟಿ ತಲೆ ಸವರಿಕೊಂಡ.

"ಸರಿ, ಚೀನಾ ಬಿಡಿ. ನಮ್ಮ ಭಾವಮೈದಂಗೆ ಲಾಭ ಇದೆಯೋ ಇಲ್ವೋ?" ಪುಟ್ಟಸ್ವಾಮಿ ಕಾಫಿ ಹೀರಿದ.

ರತ್ನಕ್ಕ ಅದೇ ಬಿಲ್ ಚೀಟಿ ಎಳ್ಕೊಂಡರು. "ಪೆಟ್ರೋಲ್ ಕಾರಿಗೂ ಹೈಬ್ರಿಡ್ಡಿಗೂ ಎರಡೂವರೆ ಲಕ್ಷ ವ್ಯತ್ಯಾಸ ಇಟ್ಕೊಳಿ. ನಮ್ಮಲ್ಲಿ 10ರಿಂದ 20 ಲಕ್ಷದ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ 17 ಪರ್ಸೆಂಟ್. ಆ ವ್ಯತ್ಯಾಸಕ್ಕೂ ಟ್ಯಾಕ್ಸ್ ಬೀಳುತ್ತೆ, 42,500. ಒಟ್ಟು 2,92,500. ಕಂಪನಿ ಹೇಳೋ 27.97 ಮೈಲೇಜು ಮರೀರಿ. ಬೆಂಗಳೂರು ಟ್ರಾಫಿಕ್ಕಲ್ಲಿ ಹೈಬ್ರಿಡ್ 21, ಪೆಟ್ರೋಲ್ 13 ಅನ್ನಿ. ನೂರು ಕಿಲೋಮೀಟರಿಗೆ ಮೂರು ಲೀಟರ್ ಉಳೀತು, ಸುಮಾರು 300 ರೂಪಾಯಿ. ಹಾಕಿದ ದುಡ್ಡು ವಾಪಸ್ ಬರೋಕೆ 97,500 ಕಿಲೋಮೀಟರ್. ಬರೀ ಹೈವೇನಲ್ಲೇ ಓಡಿಸಿದ್ರೆ ಇನ್ನೂ ದೂರ. ಅಲ್ಲಿ ಬ್ರೇಕೇ ಒತ್ತಲ್ಲ, ಚಿತ್ರಾನ್ನಕ್ಕೆ ಅನ್ನವೇ ಮಿಗಲ್ಲ."

"ವರ್ಷಕ್ಕೆ 20,000 ಓಡಿಸೋನಿಗೆ ಐದು ವರ್ಷ. 12,000 ಆದ್ರೆ ಎಂಟು, ವಾರಂಟಿ ಮುಗಿಯೋ ಹೊತ್ತಿಗೆ," ಅಂದ ಶೀನಣ್ಣ. "ನಿನ್ನ ಭಾವಮೈದ ಎಷ್ಟು ಓಡಿಸ್ತಾನೆ? ಆಗಿಂದ ಕೇಳ್ಬೇಕು ಅಂತಿದ್ದೆ."

ಪುಟ್ಟಸ್ವಾಮಿ ಲೋಟದೊಳಗೆ ನೋಡಿದ. "ಮನೆ ಕೆಂಗೇರಿ. ಆಫೀಸು ವೈಟ್‌ಫೀಲ್ಡು."

"ಭಲೇ! ಹೇಳಿ ಮಾಡಿಸಿದಂಗಿದೆ! ದಿನಾ ಹೋಗ್ತಾ ಬರ್ತಾ..."

"ಮೆಟ್ರೋದಲ್ಲಿ ಹೋಗ್ತಾನೆ. ನೇರಳೆ ಲೈನು, ಬದಲಾಯಿಸೋ ಗೋಜೂ ಇಲ್ಲ. ಕಾರು ತಿಂಗಳಿಗೊಮ್ಮೆ ಊರಿಗೆ, ಅಷ್ಟೆ. ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರ್ ಆದ್ರೆ ದೊಡ್ಡದು."

ರತ್ನಕ್ಕ ಭಾಗಾಕಾರ ಮಾಡಿ ಪೆನ್ನು ಮುಚ್ಚಿದರು. "ಇಪ್ಪತ್ನಾಲ್ಕು ವರ್ಷ."

"ಆರ್‌ಸಿ ಅವಧಿ ಹದಿನೈದಕ್ಕೇ ಮುಗಿಯುತ್ತಲ್ಲ ಅಕ್ಕ?" ಅಂದ ಕಿಟ್ಟಿ.

"ಅದಕ್ಕಿಂತ ಮುಂಚೆ ಹನ್ನೆರಡು ವೋಲ್ಟಿನ ಬ್ಯಾಟರಿ ಪ್ರತಿ ತಿಂಗಳೂ ತಿಥಿ ಮಾಡಿಸ್ಕೊಳ್ಳುತ್ತೆ," ಅಂದ ಶೀನಣ್ಣ. ಲೆಕ್ಕ ಬರೆದ ಚೀಟಿಯನ್ನ ತಿರುಗಿಸಿ, ಬಿಲ್ಲಿನ ಮೊತ್ತ ಮೇಲೆ ಕಾಣೋ ಹಾಗೆ ಪುಟ್ಟಸ್ವಾಮಿಯ ಮುಂದೆ ಸರಿಸಿದ.