‘ಕಿರುಕುಳ’ ಸಾಕಾಗುತ್ತಾ? ಗಾರ್ಮೆಂಟ್ಸ್ ನೋಟಿಸಿಗೆ ಒಂದು ಪದ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ.

ಒಂದು ನೋಟಿಸ್ ಬರೆಯುವ ಕೆಲಸ ಒಪ್ಪಿಕೊಂಡಿದ್ದೇನೆ. ಅರ್ಧ ಪುಟ, ಅಷ್ಟೇ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡು ಹತ್ತು ದಿನ ಆಯಿತು.

ಪೀಣ್ಯದ ಕಡೆ ಒಂದು ಗಾರ್ಮೆಂಟ್ಸ್. ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳದ ಬಗ್ಗೆ 2013ರಲ್ಲಿ ಕಾಯ್ದೆ ಬಂತಲ್ಲ, ಅದರ ಪ್ರಕಾರ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ದುಡಿಯುವ ಕಡೆ ದೂರು ಕೇಳಲು ಆಂತರಿಕ ಸಮಿತಿ ಇರಬೇಕು. ಸಮಿತಿಯಲ್ಲಿ ಯಾರಿದ್ದಾರೆ, ತಪ್ಪು ಮಾಡಿದವನಿಗೆ ಏನಾಗುತ್ತದೆ ಅನ್ನುವುದನ್ನು ಎಲ್ಲರ ಕಣ್ಣಿಗೂ ಬೀಳುವ ಹಾಗೆ ಹಾಕಬೇಕು. ಸಮಿತಿಗೆ ಹೊರಗಿನವರೊಬ್ಬರು ಇರಬೇಕು ಅಂತಲೂ ಇದೆ. ಇಲ್ಲಿ ಆ ಹೊರಗಿನವರು ನನ್ನ ಗೆಳತಿ. ‘ಕನ್ನಡ ಕನ್ನಡ ಅಂತ ಓಡಾಡ್ತೀಯಲ್ಲ, ಬಾ ಸ್ವಲ್ಪ’ ಅಂತ ಎಳೆದುಕೊಂಡು ಹೋದಳು.

ಹಳೆಯ ನೋಟಿಸ್ ಕ್ಯಾಂಟೀನ್ ಗೋಡೆ ಮೇಲಿತ್ತು, ರಜಾ ಪಟ್ಟಿಯ ಪಕ್ಕದಲ್ಲಿ. ಲ್ಯಾಮಿನೇಷನ್ ಒಳಗೆ ನೀರು ಹೋಗಿ ಒಂದು ಮೂಲೆ ಉಬ್ಬಿತ್ತು. ‘ಲೈಂಗಿಕ ಕಿರುಕುಳ ಎಂದರೆ ಸ್ವಾಗತಾರ್ಹವಲ್ಲದ ದೈಹಿಕ, ಮೌಖಿಕ ಅಥವಾ ಅಮೌಖಿಕ ವರ್ತನೆ’ ಅಂತ ಶುರು. ‘ಸ್ವಾಗತಾರ್ಹವಲ್ಲದ’! ನಮ್ಮಲ್ಲಿ ಸ್ವಾಗತ ಕಾಣುವುದು ಛತ್ರದ ಬಾಗಿಲಲ್ಲಿ. ‘ಬೇಡದ’ ಅಂದಿದ್ದರೆ ಮುಗಿಯುತ್ತಿತ್ತು.

ಟೀ ಬ್ರೇಕ್ ಆಗಿತ್ತು. ಗೆಳತಿ ಗೋಡೆ ತೋರಿಸಿ ‘ಇದನ್ನ ಓದಿದ್ದೀರಾ?’ ಅಂತ ಕೇಳಿದಳು. ಒಬ್ಬ ಹುಡುಗಿ ‘ಲೈಂ...’ ಅಂತ ಶುರು ಮಾಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಪಕ್ಕದವಳು ನಗಲಿಲ್ಲ. ನಲವತ್ತರ ಆಸುಪಾಸು, ಕೊರಳಲ್ಲಿ ಅಳತೆ ಟೇಪು. ‘ಅದು ರೇಪ್ ಗೀಪ್ ಆದ್ರೆ ಅಲ್ವಾ ಅಕ್ಕ? ನಮ್ಗೆ ಅಂಥದ್ದೇನೂ ಇಲ್ಲ’ ಅಂದಳು.

ಹಾಗಾದರೆ ಸೂಪರ್‌ವೈಸರ್ ಹೇಗೆ?

‘ಅವನದು ಬರೀ ಟಾರ್ಚರ್. ಪೀಸ್ ನೋಡೋ ನೆಪದಲ್ಲಿ ಮೈ ಮೇಲೆ ಬಗ್ತಾನೆ. ಭುಜದ ಮೇಲೆ ಕೈ ಇಡ್ತಾನೆ. ತೆಗೀರಿ ಸಾರ್ ಅಂದ್ರೆ ಅವತ್ತು ಟಾರ್ಗೆಟ್ ಜಾಸ್ತಿ.’

ಗೆಳತಿ ನನ್ನ ಮುಖ ನೋಡಿದಳು. ಕಾಯ್ದೆ ಹೇಳುವುದು ಅಕ್ಷರಶಃ ಇದನ್ನೇ. ಆದರೆ ಗೋಡೆ ಮೇಲಿರುವ ಮಾತು ತನ್ನದು ಅಂತ ಅವಳಿಗೆ ಅನ್ನಿಸಿಲ್ಲ. ಇದು ಬರೀ ನಮ್ಮಂಥ ಪದದ ಹುಚ್ಚಿನವರ ತಲೆನೋವಲ್ಲ. ಘಟನೆ ನಡೆದ 3 ತಿಂಗಳೊಳಗೆ ದೂರು ಕೊಡಬೇಕು. ಸಮಿತಿಗೆ ಕಾರಣ ಸರಿ ಕಂಡರೆ ಇನ್ನೂ 3 ತಿಂಗಳು ಸಿಗಬಹುದು. ‘ಇದು ಅದಲ್ಲ’ ಅಂದುಕೊಂಡು ಕೂತವಳ ಪಾಲಿಗೆ ಆ ದಿನಗಳು ಸುಮ್ನೆ ಕಳೆದುಹೋಗುತ್ತವೆ.

ಬಸ್ಸಿನಲ್ಲಿ ವಾಪಸ್ ಬರುವಾಗ ತಲೆಗೆ ಹೊಳೆದದ್ದು ಇದು. ‘ಲೈಂಗಿಕ’ ಅನ್ನುವ ಪದ ಕಿವಿಗೆ ಬಿದ್ದ ಕೂಡಲೇ ಮನಸ್ಸು ನೇರ ಅತ್ಯಾಚಾರಕ್ಕೆ ಹೋಗುತ್ತದೆ. ‘ಕಿರುಕುಳ’ ಅದಕ್ಕೆ ಉಲ್ಟಾ, ವಿಷಯವನ್ನು ಚಿಲ್ಲರೆ ಮಾಡುತ್ತದೆ. ಒಂದು ಮೇಲಕ್ಕೆ ಎಳೆಯುತ್ತದೆ, ಇನ್ನೊಂದು ಕೆಳಕ್ಕೆ. ನಡುವೆ ಇರುವ ಭುಜದ ಮೇಲಿನ ಕೈ ಎರಡಕ್ಕೂ ಸಿಗುವುದಿಲ್ಲ.

ಕಿರುಕುಳದ ಹುಟ್ಟೇ ಹಾಗಿದೆ. ಕಿರು ಅಂದರೆ ಸಣ್ಣದು. ಹಳಗನ್ನಡದ ಕಿಱುಕುಳ ಅಂದರೂ ಅಲ್ಪ, ಕ್ಷುದ್ರ. ಹುಬ್ಬಳ್ಳಿ ಧಾರವಾಡದ ಕಡೆ ಈಗಲೂ ‘ಕಿರಕೋಳ ಸಾಮಾನು’, ‘ಕಿರಕೋಳ ಖರ್ಚು’ ಅನ್ನುತ್ತಾರೆ. ಮರಾಠಿಯಲ್ಲೂ ಚಿಲ್ಲರೆ ವ್ಯಾಪಾರಕ್ಕೆ ಇದೇ ಪದ. ಕಿರುಕುಳಕ್ಕೂ ಕಿರಕೋಳಕ್ಕೂ ನಂಟು ಇರುವ ಹಾಗೆ ನನಗೆ ಕಾಣುತ್ತದೆ. ಆ ಕಡೆಯವರು ಏನಂತೀರಿ?

ಪೇಪರಿನವರ ‘ಚುಡಾಯಿಸು’ ಬೇಡವೇ ಬೇಡ. ಉಡಾಯಿಸು, ಜಮಾಯಿಸು, ದಬಾಯಿಸು ಸಾಲಿನ ಪದ ಅದು. ಹೊರಗಿನಿಂದ ಬಂದದ್ದು ಅನ್ನುವುದು ನನ್ನ ತಕರಾರಲ್ಲ, ಅದರೊಳಗೆ ಒಂದು ಆಟ ಇದೆ. ಅಣ್ಣ ತಂಗಿಯನ್ನು ರೇಗಿಸುವುದು, ಕ್ಲಾಸಿನಲ್ಲಿ ಕೀಟಲೆ ಮಾಡುವುದು, ಇವುಗಳ ಪಕ್ಕದಲ್ಲೇ ಕೂರುತ್ತದೆ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೊರತಂದ ಕೈಪಿಡಿಯೂ ‘ಈವ್ ಟೀಸಿಂಗ್’ ಅನ್ನಬೇಡಿ, ಬೀದಿಯಲ್ಲಿ ನಡೆಯುವ ಲೈಂಗಿಕ ಕಿರುಕುಳ ಅನ್ನಿ ಎಂದು ಹೇಳಿತು. ಸರಿ, ಆದರೆ ಕನ್ನಡಕ್ಕೆ ಬಂದರೆ ಮತ್ತೆ ಕಿರುಕುಳದ ಹತ್ತಿರವೇ ನಿಂತೆವು.

‘ಮಾನಭಂಗ’ ಇನ್ನೂ ಕಷ್ಟ. ಕೈ ಹಾಕಿದವನು ಅವನು, ಮಾನ ಹೋಗುವುದು ಇವಳದು. ‘ಹಿಂದೆ ಬೀಳು’ ಅಂತೂ ಎರಡು ಬಾಯಿಯ ಮಾತು. ‘ಅವಳ ಹಿಂದೆ ಬಿದ್ದಿದ್ದಾನೆ’ ಅಂದರೆ ನಾವು ಪ್ರೀತಿ ಅಂತಲೇ ನಗುತ್ತೇವೆ. ಬೇಡ ಅಂದರೂ ಮತ್ತೆ ಮತ್ತೆ ಹಿಂಬಾಲಿಸಿದರೆ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ನಿನಲ್ಲಿ ಅದು ಅಪರಾಧ.

ಒಂದು ಚಿಕ್ಕ ಪ್ರಸಂಗ. ಆ ಫ್ಲೋರಿನಲ್ಲಿ ಒಡಿಶಾ, ಜಾರ್ಖಂಡ್ ಕಡೆಯ ಹುಡುಗಿಯರೂ ಇದ್ದಾರೆ. ಒಬ್ಬಳು ಹಿಂದಿಯಲ್ಲಿ ಬರೆದು ದೂರಿನ ಪೆಟ್ಟಿಗೆಗೆ ಹಾಕಿದ ಚೀಟಿಯಲ್ಲಿ ‘ಅತ್ಯಾಚಾರ’ ಅಂತಿತ್ತಂತೆ. ಪಕ್ಕದಲ್ಲಿದ್ದವರು ಅದೊಂದು ಪದ ಓದಿ ಹೇಳಿದ್ದೇ ತಡ, ಕನ್ನಡದ ಎಚ್‌ಆರ್ ಹುಡುಗಿ ಬೆವೆತುಹೋದಳು. ಆಮೇಲೆ ವಿಚಾರಿಸಿದರೆ ಓವರ್‌ಟೈಮ್ ದಬ್ಬಾಳಿಕೆಯ ಮಾತು. ಹಿಂದಿಯಲ್ಲಿ ಅತ್ಯಾಚಾರ ಅಂದರೆ ದೌರ್ಜನ್ಯ, ದಬ್ಬಾಳಿಕೆ. ನಮ್ಮಲ್ಲಿ ಅದು ಒಂದೇ ಅರ್ಥಕ್ಕೆ ಗಟ್ಟಿಯಾಗಿದೆ. ಪದದ ತಪ್ಪಿನಿಂದಲಾದರೂ ಅವತ್ತು ಒಂದು ದೂರನ್ನು ಅರ್ಧ ಗಂಟೆಯಲ್ಲಿ ಕೇಳಿದರು ಅಂತ ಗೆಳತಿ ನಗುತ್ತಾಳೆ.

ಇನ್ನು ನನ್ನ ಕರಡು. ಕಾಯ್ದೆಯ ಹೆಸರನ್ನು ನಾವು ಬದಲಿಸುವ ಹಾಗಿಲ್ಲ, ಅದು ಕೆಳಗೆ ಇರಲಿ. ಮೇಲೆ ದೊಡ್ಡದಾಗಿ ಹೀಗೆ ಬರೆದೆ:

‘ನಿಮಗೆ ಬೇಡದಿದ್ದರೂ ಯಾರಾದರೂ ಮೈ ಮುಟ್ಟುತ್ತಾರಾ? ಕೆಟ್ಟದಾಗಿ ನೋಡುತ್ತಾರಾ? ಅಸಹ್ಯದ ಮಾತು ಆಡುತ್ತಾರಾ? ಫೋನಿನಲ್ಲಿ ಕೆಟ್ಟ ವಿಡಿಯೊ ತೋರಿಸುತ್ತಾರಾ? ಹೇಳಿದ ಹಾಗೆ ಕೇಳಿದರೆ ಕೆಲಸ ಹಗುರ ಮಾಡುತ್ತೇನೆ ಅನ್ನುತ್ತಾರಾ? ಇದೆಲ್ಲ ಕಾನೂನಿನ ಪ್ರಕಾರ ತಪ್ಪು. ನಮಗೆ ಹೇಳಿ.’

ಎಲ್ಲ ಕ್ರಿಯಾಪದ ಬಂದದ್ದು ನನಗೆ ಹಿತವಾಯಿತು. ‘ಕಿರುಕುಳಕ್ಕೆ ಒಳಗಾದ ಮಹಿಳೆ’ ಅಂದಾಗ ಮಾಡಿದವನು ವಾಕ್ಯದಲ್ಲೇ ಇರುವುದಿಲ್ಲ. ಇಲ್ಲಿ ಯಾರೋ ಒಬ್ಬ ಮುಟ್ಟಬೇಕು, ನೋಡಬೇಕು, ತೋರಿಸಬೇಕು.

ಆದರೂ ತಲೆಬರಹಕ್ಕೆ ಒಂದು ಪದ ಬೇಕಲ್ಲ. ನನ್ನ ಮನಸ್ಸು ‘ಕಾಟ’ದ ಕಡೆ ವಾಲಿದೆ. ಆಡು ಆಟ ಆಗುವ ಹಾಗೆ, ಓಡು ಓಟ ಆಗುವ ಹಾಗೆ, ಕಾಡು ಕಾಟ ಆಗಿದೆ. ಕಾಟ ಅಂದರೆ ಕಾಡುವವನು ಒಬ್ಬ ಇರಲೇಬೇಕು. ಆ ಹೆಂಗಸು ‘ಟಾರ್ಚರ್’ ಅಂದಳಲ್ಲ, ಅವಳ ಅಜ್ಜಿ ಅದಕ್ಕೆ ಕಾಟ ಅಂತಿದ್ದಳೇನೋ. ‘ಕೆಲಸದ ಜಾಗದಲ್ಲಿ ಕಾಟವೇ?’ ಅಂತ ಹಾಕಿದರೆ?

ಗೆಳತಿ ಒಪ್ಪುತ್ತಿಲ್ಲ. ಸೊಳ್ಳೆ ಕಾಟ, ಇಲಿ ಕಾಟ, ಮಕ್ಕಳ ಕಾಟ ಅಂತೀವಿ, ಇದೂ ಹಗುರವೇ ಅನ್ನುವುದು ಅವಳ ವಾದ. ದೆವ್ವದ ಕಾಟ ಹಗುರವಾ ಅಂತ ನಾನು ಕೇಳಿದೆ. ಅವಳು ‘ಟಾರ್ಚರ್’ ಅಂತಲೇ ಕನ್ನಡ ಅಕ್ಷರದಲ್ಲಿ ಹಾಕು ಅನ್ನುತ್ತಾಳೆ. ಅದೂ ತಪ್ಪಲ್ಲ. ಆದರೆ ಆ ಫ್ಲೋರಿನಲ್ಲಿ ಟಾರ್ಗೆಟ್ ಒತ್ತಡಕ್ಕೂ ಟಾರ್ಚರ್, ಟಾಯ್ಲೆಟ್ಟಿಗೆ ಬಿಡದಿದ್ದರೂ ಟಾರ್ಚರ್.

ಹಾಗಾಗಿ ನಿಮ್ಮನ್ನು ಕೇಳುತ್ತಿರುವುದು: ಬೇಡದ ಕೈ, ಬೇಡದ ಕಣ್ಣು, ಇದಕ್ಕೆ ನಿಮ್ಮ ಮನೆ ಹೆಂಗಸರು ತಮ್ಮ ತಮ್ಮಲ್ಲೇ ಮಾತಾಡುವಾಗ ಏನು ಅನ್ನುತ್ತಾರೆ? ನಿಘಂಟಿನ ಪದ ಬೇಡ, ಅದು ನನ್ನ ಹತ್ತಿರವೂ ಇದೆ. ಮಂಗಳೂರು, ಕೋಲಾರ, ಕಲಬುರಗಿ, ಎಲ್ಲಿಯದಾದರೂ ಸರಿ. ‘ಕಾಟ’ ನಿಮ್ಮ ಕಡೆ ಹಗುರವೋ ಭಾರವೋ ಅದನ್ನೂ ಬರೆಯಿರಿ. ಶನಿವಾರ ಎರಡು ಕರಡು ಹಿಡಿದು ಮತ್ತೆ ಆ ಕ್ಯಾಂಟೀನಿಗೆ ಹೋಗುತ್ತಿದ್ದೇವೆ. ಮೊದಲು ಓದಲು ಕೊಡುವುದು ಆ ಅಳತೆ ಟೇಪಿನವಳಿಗೆ.